ಡೀಪ್ ಪರ್ಪಲ್ ವಾದ್ಯವೃಂದದ ಮೈಸೂರು ಮೂಲ: ಒಂದು ಸಂಶೋಧನಾತ್ಮಕ ಮರುಶ್ರವಣ

ಕಳೆದುಹೋದದ್ದನ್ನು ಹುಡುಕಿ ಲೋಕಕ್ಕೆ ಕೊಡುವುದು ಮೈಸೂರಿಗೆ ಹೊಸದಲ್ಲ. 1905ರಲ್ಲಿ ಇಲ್ಲಿನ ಓರಿಯಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು ತಾಳೆಗರಿಗಳಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು. ಅದೇ ಪರಂಪರೆಯಲ್ಲಿ, ಸರಸ್ವತಿಪುರಂನ ಮನೆಯೊಂದರ ಅಟ್ಟದಲ್ಲಿ, ದಸರಾ ಗೊಂಬೆಗಳ ಪೆಟ್ಟಿಗೆಯ ಹಿಂದೆ, ಪ್ರಸ್ತುತ ಲೇಖಕನಿಗೆ ಡೀಪ್ ಪರ್ಪಲ್ ಎಂಬ ಹಾರ್ಡ್ ರಾಕ್ ತಂಡದ ಕ್ಯಾಸೆಟ್ಟುಗಳ ಕಟ್ಟು ದೊರೆತಿದೆ. ಪ್ರತಿಗಳ ಸ್ಥಿತಿ ಇಂತಿದೆ: ‘ಮಷೀನ್ ಹೆಡ್’, ಬಿ ಬದಿಯ ಕೊನೆಗೆ ತ್ರುಟಿತ. ‘ಫೈರ್‌ಬಾಲ್’, ಬೂಷ್ಟು ಹಿಡಿದಿದ್ದರೂ ಪಠನೀಯ. ‘ಇನ್ ರಾಕ್’ ಪ್ರತಿಯ ನಡುವೆ ಮನೆಯ ಯಾವುದೋ ಲಿಪಿಕಾರರು ಸುಪ್ರಭಾತವನ್ನು ಸೇರಿಸಿದ್ದಾರೆ. ಇದು ಪ್ರಕ್ಷಿಪ್ತವೆಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯ ಇರಲಾರದು.

ಇಲ್ಲಿ ಪೂರ್ವಪಕ್ಷ ಏಳುತ್ತದೆ: ವೀಣೆ, ಮಲ್ಲಿಗೆ, ಊದುಬತ್ತಿಗಳ ಊರಿಗೂ ಹಾರ್ಡ್ ರಾಕ್‌ಗೂ ಏನು ಸಂಬಂಧ?

ಸಂಬಂಧ ಸದ್ದಿನದು. ಸಭೆಯ ಹಿಂದಿನ ಸಾಲಿಗೂ ಪಿಟೀಲು ಕೇಳಬೇಕೆಂದು ನಮ್ಮ ಟಿ. ಚೌಡಯ್ಯನವರು ನಾಲ್ಕಿದ್ದ ತಂತಿಗಳನ್ನು ಏಳಕ್ಕೆ ಏರಿಸಿದರು. ಡೀಪ್ ಪರ್ಪಲ್ 1972ರಲ್ಲಿ ಲಂಡನ್ನಿನ ರೇನ್‌ಬೋ ಥಿಯೇಟರಿನಲ್ಲಿ 117 ಡೆಸಿಬೆಲ್ ಮುಟ್ಟಿ ಗಿನ್ನೆಸ್ ಪುಸ್ತಕ ಸೇರಿತು. ಉದ್ದೇಶ ಒಂದೇ, ಆದರೆ ಚೌಡಯ್ಯನವರಿಗೆ ಕರೆಂಟು ಬೇಕಾಗಲಿಲ್ಲ. ಹೆಚ್ಚುಗಾರಿಕೆ ಯಾರದೆಂದು ಬಿಡಿಸಿ ಹೇಳಬೇಕಿಲ್ಲ.

ಅರಮನೆಯ ಸಾಕ್ಷ್ಯ ಇನ್ನೂ ಬಲವಾದದ್ದು. ಜಯಚಾಮರಾಜ ಒಡೆಯರು ರಷ್ಯದ ಮೆಡ್ಟ್ನರ್ ಎಂಬ ಸಂಗೀತಗಾರನ ಕೃತಿಗಳನ್ನು ಸ್ವಂತ ಖರ್ಚಿನಲ್ಲಿ ಧ್ವನಿಮುದ್ರಣ ಮಾಡಿಸಿದರು. ಆತ ತನ್ನ ಮೂರನೆಯ ಪಿಯಾನೋ ಕಾನ್ಸರ್ಟೊವನ್ನು ಅವರಿಗೇ ಅರ್ಪಿಸಿದ. 1950ರಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿಗೆ ಕೇಳಿಸಿದ್ದು ಮಹಾರಾಜರು ಹಣಕ್ಕೆ ಹೊಣೆ ನಿಂತದ್ದರಿಂದ. ಅದೇ ಹಾಲಿನಲ್ಲಿ 1969ರ ಸೆಪ್ಟೆಂಬರ್ 24ರಂದು ಡೀಪ್ ಪರ್ಪಲ್, ರಾಯಲ್ ಫಿಲ್ಹಾರ್ಮೋನಿಕ್ ಆರ್ಕೆಸ್ಟ್ರಾದ ಜೊತೆ ಕೂತು ತನ್ನ ಆರ್ಗನ್ ವಾದಕ ಜಾನ್ ಲಾರ್ಡ್ ಬರೆದ ಕಾನ್ಸರ್ಟೊ ನುಡಿಸಿತು. ಅದೇ ಊರು, ಅದೇ ಸಭಾಂಗಣ, ನಡುವೆ ಬರೀ 19 ವರ್ಷ. ಇದಕ್ಕಿಂತ ತೆಳುವಾದ ಆಧಾರದ ಮೇಲೆ ಪಿಎಚ್.ಡಿ.ಗಳು ಆಗಿವೆ.

ಇನ್ನು ವಂಶಾವಳಿ. 1968ರಲ್ಲಿ ಹುಟ್ಟಿದ ಈ ತಂಡದಲ್ಲಿ ಆಳು ಬದಲಾದ ಹಾಗೆಲ್ಲ ಮಾರ್ಕ್ 1, ಮಾರ್ಕ್ 2 ಎಂದು ಅಂಕಿ ಹಾಕುತ್ತ ಹೋದರು. ಯಾವ ಕೃಷ್ಣರಾಜರು ಎಷ್ಟನೆಯವರೆಂದು ಶಾಲೆಯಲ್ಲೇ ಉರುಹೊಡೆದ ನಮಗೆ ಇದು ನೀರು ಕುಡಿದಷ್ಟು ಸುಲಭ. 1976ರಲ್ಲಿ ತಂಡ ಒಡೆಯಿತು. 1984ರಲ್ಲಿ ಮಾರ್ಕ್ 2 ‘ಪರ್ಫೆಕ್ಟ್ ಸ್ಟ್ರೇಂಜರ್ಸ್’ ಹಿಡಿದುಕೊಂಡು ಪಟ್ಟಕ್ಕೆ ಮರಳಿತು. ಎಂಟೇ ವರ್ಷ. ಒಡೆಯರು 1831ರಲ್ಲಿ ಕಳೆದುಕೊಂಡ ಆಡಳಿತಕ್ಕೆ 1881ರವರೆಗೆ ಕಾದರು. ಎಲ್ಲ ಮಾರ್ಕುಗಳಲ್ಲೂ ಉಳಿದವನು ಡ್ರಮ್ಮಿನ ಇಯಾನ್ ಪೇಸ್ ಒಬ್ಬನೇ, ದಿವಾನರು ಬಂದು ಹೋದರೂ ಕುರ್ಚಿ ಬಿಡದ ಶಿರಸ್ತೇದಾರನ ಹಾಗೆ.

ಲಕ್ಷಣ ವಿಚಾರ. 1971ರ ಡಿಸೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ಮಾಂಟ್ರೋದಲ್ಲಿ, ಫ್ರಾಂಕ್ ಜಾಪಾನ ಕಛೇರಿಯ ನಡುವೆ ಕ್ಯಾಸಿನೋ ಹೊತ್ತಿ ಉರಿಯಿತು. ಧ್ವನಿಮುದ್ರಣಕ್ಕೆಂದು ಅಲ್ಲಿಗೆ ಹೋಗಿದ್ದ ತಂಡ ಸರೋವರದ ಮೇಲೆ ಹರಡಿದ ಹೊಗೆ ನೋಡಿ ‘ಸ್ಮೋಕ್ ಆನ್ ದ ವಾಟರ್’ ಕಟ್ಟಿತು. ದೀಪಕ ರಾಗ ಹಾಡಿದರೆ ಬೆಂಕಿ ಹೊತ್ತುತ್ತದೆಂದು ಕೇಳಿದ್ದೇವೆ. ಇಲ್ಲಿ ಬೆಂಕಿ ಮೊದಲು, ರಾಗ ಆಮೇಲೆ. ರಾಗವಾದರೂ ಎಂಥದ್ದು! ಷಡ್ಜ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ ಎಂದು ಮರ್ಯಾದೆಯಿಂದ ಹೊರಟು, ಎರಡನೆಯ ಸುತ್ತಿನಲ್ಲಿ ಪ್ರತಿ ಮಧ್ಯಮವನ್ನು ಮುಟ್ಟಿ, ಏನೂ ಆಗಿಲ್ಲವೆಂಬಂತೆ ಶುದ್ಧಕ್ಕೆ ಜಾರುತ್ತದೆ. 72 ಮೇಳಕರ್ತಗಳಲ್ಲಿ ಮೊದಲ 36 ಶುದ್ಧ ಮಧ್ಯಮದವು, ಉಳಿದ 36 ಪ್ರತಿ ಮಧ್ಯಮದವು. ಎರಡನ್ನೂ ಇಟ್ಟುಕೊಳ್ಳುವ ರಿಯಾಯಿತಿ ಬೇಹಾಗ್, ಹಮೀರ್ ಕಲ್ಯಾಣಿಯಂಥ ಜನ್ಯರಾಗಗಳಿಗೆ ಉಂಟು. ಗಿಟಾರಿನ ರಿಚಿ ಬ್ಲ್ಯಾಕ್‌ಮೋರ್ ಅದಕ್ಕೆ ಅರ್ಜಿ ಹಾಕಲಿಲ್ಲ.

ಆದರೆ ಮರುಶ್ರವಣದ ನಿಜವಾದ ಫಲ ಬೇರೆ. ಹಾಸ್ಟೆಲ್ ಪಂಥದವರು ಈ ತಂಡದ ಸರ್ವಸ್ವವೂ ಗಿಟಾರೆಂದು ನಂಬಿ, ಮಂಚದ ಮೇಲೆ ನಿಂತು, ಇಲ್ಲದ ಗಿಟಾರನ್ನು ಮೀಟಿದವರು. ಈಗ ನಿಧಾನವಾಗಿ ಕೇಳಿದರೆ ‘ಸ್ಪೇಸ್ ಟ್ರಕಿನ್’ನಲ್ಲಿ ಎದೆಗೆ ಗುದ್ದುವ ನಾದದಲ್ಲಿ ದೊಡ್ಡ ಪಾಲು ಜಾನ್ ಲಾರ್ಡ್‌ನ ಹ್ಯಾಮಂಡ್ ಆರ್ಗನ್ನಿನದು. ಗಿಟಾರಿಗೆಂದು ಮಾಡಿದ ಮಾರ್ಷಲ್ ಆಂಪ್ಲಿಫೈಯರಿಗೆ ಅದನ್ನು ಸಿಕ್ಕಿಸಿ ಗುರ್ ಎನಿಸಿದ ಪುಣ್ಯಾತ್ಮ ಅವನು. ಅಂದರೆ ಒಂದು ಪೀಳಿಗೆ ತಲೆಗೂದಲು ಬಿಟ್ಟುಕೊಂಡು ಕುಣಿದದ್ದು ನಾಟಕ ಕಂಪನಿಯ ಲೆಗ್ ಹಾರ್ಮೋನಿಯಂನ ದೂರದ ದಾಯಾದಿಗೆ. ಇದೇ ಪಂಥ 1975ರ ‘ಕಮ್ ಟೇಸ್ಟ್ ದ ಬ್ಯಾಂಡ್’ ಅನ್ನು, ಬ್ಲ್ಯಾಕ್‌ಮೋರ್ ಇಲ್ಲವೆಂಬ ಒಂದೇ ಕಾರಣಕ್ಕೆ, ಪಂಕ್ತಿಯಿಂದ ಎಬ್ಬಿಸಿತ್ತು. ಟಾಮಿ ಬೋಲಿನ್‌ನ ಗಿಟಾರಿಗಾಗಿ ಅದನ್ನು ಮೊದಲ ಪಂಕ್ತಿಗೇ ಕೂರಿಸಬೇಕೆಂಬುದು ಲೇಖಕನ ಸಿದ್ಧಾಂತ.

‘ಚೈಲ್ಡ್ ಇನ್ ಟೈಮ್’ ಹಾಡಿನ ಆರಂಭದ ಆರ್ಗನ್ ವರಸೆ ಅಮೆರಿಕದ ತಂಡವೊಂದರ ‘ಬಾಂಬೆ ಕಾಲಿಂಗ್’ನಿಂದ ಬಂದದ್ದು. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದೆಂದ ಮೇಲೆ ಅದು ಧಾರವಾಡದವರ ಪಾಲು, ಅವರೇ ಸಂಶೋಧಿಸಿಕೊಳ್ಳಲಿ. ಆದರೆ ಆ ಹಾಡಿನಲ್ಲಿ ಇಯಾನ್ ಗಿಲನ್ ತಾರಸ್ಥಾಯಿಗೇರಿ ಚೀರುವ ಭಾಗಕ್ಕೆ ಮನೆಯಲ್ಲೇ ಒಂದು ಪ್ರಾಚೀನ ವ್ಯಾಖ್ಯಾನ ಲಭ್ಯವಾಗಿದೆ. ವ್ಯಾಖ್ಯಾನಕಾರರು ಲೇಖಕನ ಅಜ್ಜಿ. ಅಡುಗೆಮನೆಯಿಂದ ಬಂದು, ಬಾಗಿಲಿಗೆ ಒರಗಿ, ಹಾಡು ಮುಗಿಯುವ ತನಕ ಕೇಳಿ ಅವರು ಕೊಟ್ಟ ತೀರ್ಪು: “ಪೆಟ್ಟಿಗೆ ನುಡಿಸೋನು ಪರವಾಗಿಲ್ಲ ಕಣೋ, ಶ್ರುತಿಜ್ಞಾನ ಇದೆ. ಆ ಹಾಡೋ ಹುಡುಗನಿಗೆ ಮಾತ್ರ ಯಾರಾದ್ರೂ ಮೊದಲು ಹಲ್ಲು ಕೀಳಿಸಪ್ಪಾ.”