ಮುಯ್ಯಿ ಪುಸ್ತಕದ ರಗ್ಬಿ

ಮದುವೆ ಮನೆಯಲ್ಲಿ ಮುಯ್ಯಿ ಬರೆದುಕೊಳ್ಳಲು ಕೂತವನನ್ನು ಕೇಳಿ ನೋಡಿ. ಯಾರು ಎಷ್ಟು ಹಾಕಿದರೆಂದು ಪೈಸೆ ಬಿಡದೆ ಹೇಳುತ್ತಾನೆ. ಧಾರೆ ಯಾವಾಗ ಆಯಿತೆಂದು ಮಾತ್ರ ಗೊತ್ತಿರುವುದಿಲ್ಲ. ಲಂಡನ್ನಿನ ಟ್ವಿಕನ್‌ಹ್ಯಾಮ್‌ನಲ್ಲಿ ರಗ್ಬಿ ಪಂದ್ಯದ ಅಂಕಿಅಂಶ ಹೆಕ್ಕುವವರ ಬೆನ್ನ ಹಿಂದೆ ನೋಟ್‌ಬುಕ್ ಹಿಡಿದು ಕೂರುವ ಸಂಶೋಧಕ ಇವನಿಗೂ ಅಣ್ಣ. ಮುಯ್ಯಿ ಬರೆಯುವವನು ಹೇಗೆ ಬರೆಯುತ್ತಾನೆಂದು ಬರೆದುಕೊಳ್ಳುವುದು ಇವನ ಕಸುಬು.

ಕೆಳಗೆ ತಂಡಕ್ಕೆ 15ರಂತೆ 30 ಜನ ಕೆಸರಲ್ಲಿ ಗುದ್ದಾಡುತ್ತಿರುತ್ತಾರೆ. ಮೇಲೆ ಲ್ಯಾಪ್‌ಟಾಪಿನ ಹುಡುಗರಿಗೆ ಪರದೆಯೇ ಮೈದಾನ. ಎದುರಾಳಿಯನ್ನು ಕೆಡವುವ ಟ್ಯಾಕಲ್ ಹಿಡಿದರೆ ಒಂದು ಕೀಲಿ, ಜಾರಿದರೆ ಇನ್ನೊಂದು. ಆಟಗಾರನ ಬೆನ್ನಿನ ಮೇಲ್ತುದಿಯಲ್ಲಿ ಜಿಪಿಎಸ್ ಡಬ್ಬಿ, ಬಾಯಲ್ಲಿ ಸೆನ್ಸರ್ ಇಟ್ಟ ಹಲ್ಲುಗವಸು. 2023ರಲ್ಲಿ ಯುರೋಪಿನ ಆರು ದೇಶಗಳ ಟೂರ್ನಿ ಸಿಕ್ಸ್ ನೇಷನ್ಸ್‌ನಲ್ಲಿ ಚೆಂಡಿನ ಹೊಟ್ಟೆಗೂ ಚಿಪ್ ಸೇರಿತು. 80 ನಿಮಿಷದ ಪಂದ್ಯದಲ್ಲಿ ಚೆಂಡು ಆಟದಲ್ಲಿರುವುದು ಸಾಮಾನ್ಯವಾಗಿ ಅರ್ಧಕ್ಕೂ ಕಡಿಮೆ ಹೊತ್ತು. ಚಿಂತೆಯಿಲ್ಲ, ಸುಮ್ಮನೆ ನಿಂತವನಿಂದಲೂ ದತ್ತಾಂಶ ಸುರಿಯುತ್ತಲೇ ಇರುತ್ತದೆ. ಕೊನೆಗೆ ಯಾರು ಗೆದ್ದರು ಸ್ವಾಮಿ ಎಂದರೆ, ಸಂಶೋಧಕ ಕನ್ನಡಕ ಒರೆಸಿಕೊಂಡು, ದತ್ತಾಂಶಕ್ಕೆ ಇನ್ನೂ ಪುಣ್ಯಾಹ ಆಗಿಲ್ಲ ಅಂದಾನು.

ಹಲ್ಲುಗವಸಿನ ಮಾತು ಬೇರೆ. ಗಂಡಸರ ಪಂದ್ಯದಲ್ಲಿ ತಲೆ 75 ಜಿ, ಅಂದರೆ ಗುರುತ್ವದ 75 ಪಟ್ಟು, ಮೀರಿ ಅದುರಿದರೆ ಅದು ಗೆರೆಯಾಚೆಗಿನ ವೈದ್ಯರಿಗೆ ಸುದ್ದಿ ಮುಟ್ಟಿಸುತ್ತದೆ. ಆಟಗಾರ ಹೊರಬಂದು 12 ನಿಮಿಷ ಪರೀಕ್ಷೆಗೆ ಕೂರಬೇಕು. ಒಳ್ಳೆಯ ಕೆಲಸ, ನಗುವಂಥದ್ದಲ್ಲ. ಆದರೂ 74ರ ಏಟು ತಿಂದವನ ಬಗ್ಗೆ ಗವಸು ಚಾಡಿ ಹೇಳುವುದಿಲ್ಲ; ಅವನ ಮಿದುಳು ಆ ಒಂದು ಅಂಕಿಯ ರಿಯಾಯಿತಿಯನ್ನು ಗೌರವಿಸುತ್ತದೆಂದು ನಾವು ನಂಬಬೇಕು. ಆಟದ ಜಾಗತಿಕ ಆಡಳಿತ ಸಂಸ್ಥೆ ವರ್ಲ್ಡ್ ರಗ್ಬಿ ಉನ್ನತ ದರ್ಜೆಯ ಆಟಕ್ಕೆ ಈ ಏರ್ಪಾಡು ತಂದದ್ದು 2024ರ ಜನವರಿಯಲ್ಲಿ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು, ಅದಕ್ಕೆ ಬ್ಲೂಟೂತ್ ಬೀಗ ಬೇರೆ.

ಕೊಳ್ಳೆ ಹೋದವರಲ್ಲಿ ಸ್ಟೀವ್ ಥಾಂಪ್ಸನ್ ಒಬ್ಬರು. 2003ರ ವಿಶ್ವಕಪ್ ಫೈನಲ್‌ನಲ್ಲಿ, ಸಿಡ್ನಿಯಲ್ಲಿ, ಇಂಗ್ಲೆಂಡಿನ ಹುಕರ್. ಎರಡು ತಂಡಗಳು ಭುಜ ಕೊಟ್ಟು ನೂಕಾಡುವ ಸ್ಕ್ರಮ್‌ನ ಮೊದಲ ಸಾಲಿನ ನಟ್ಟನಡುವೆ ತಲೆ ಕೊಟ್ಟು ನಿಲ್ಲುವವರು. ಅಂದು ಅಂಕ ಎಣಿಸಿದರು: ಇಂಗ್ಲೆಂಡ್ 20, ಆಸ್ಟ್ರೇಲಿಯಾ 17. ತಲೆಗೆ ಬಿದ್ದ ಪೆಟ್ಟು ಎಣಿಸಲು ಯಾರೂ ಕೂತಿರಲಿಲ್ಲ. 2020ರ ಡಿಸೆಂಬರ್‌ನಲ್ಲಿ, 42ನೆಯ ವಯಸ್ಸಿಗೆ, ತಮಗೆ ಡಿಮೆನ್ಶಿಯಾ ಬಂದಿದೆಯೆಂದು ಥಾಂಪ್ಸನ್ ಹೇಳಿದರು. ಆ ಫೈನಲ್ ಗೆದ್ದದ್ದು ಅವರಿಗೆ ನೆನಪಿಲ್ಲ.