ಗೀಸರ್ ಮೀಮಾಂಸೆ

ಇನ್ನು ಕರೆಂಟ್ ಬಿಲ್ಲಿನ ವಿಚಾರ. ಈ ಶಾಸ್ತ್ರಕ್ಕೆ ಅಧಿಕಾರಿ ಯಾರು ಎಂದರೆ, ಬಿಲ್ ಕಟ್ಟುವವನು. ಬಿಸಿನೀರು ಮೀಯುವವರು ಅನಧಿಕಾರಿಗಳು. ಉಪದೇಶಿಸಿದರೂ ನಲ್ಲಿಯ ಸದ್ದಿನಲ್ಲಿ ಅವರಿಗೆ ಕೇಳಿಸದು.

ಪೂರ್ವಪಕ್ಷ ಹೀಗಿದೆ: ಕರೆಂಟು ಪೋಲಾಗುವುದು ದೀಪಗಳಿಂದ. ಪ್ರತಿಪಾದಕರು ಮನೆಯ ಯಜಮಾನರು. ಜನರಿಲ್ಲದ ಕೋಣೆಯ ದೀಪ ಕಣ್ಣಿಗೆ ಬೀಳುತ್ತದೆ. ಕಣ್ಣಿಗೆ ಬಿದ್ದದ್ದೇ ಪ್ರಮಾಣ. "ನಿಮ್ಮಪ್ಪ ಏನು ಕೆಇಬಿಯಲ್ಲಿದ್ದಾನಾ?" ಎಂಬ ಮಹಾವಾಕ್ಯ ಹೊರಡುವುದು ಈ ಘಟ್ಟದಲ್ಲೇ. (ಕೆಇಬಿ 1999ರಲ್ಲೇ ಕೆಪಿಟಿಸಿಎಲ್ ಆಯಿತು, 2002ರಲ್ಲಿ ಬೆಸ್ಕಾಂ ಮೊದಲಾಗಿ ಒಡೆಯಿತು, ಬೈಗುಳದಲ್ಲಿ ಮಾತ್ರ ಮಂಡಳಿ ಇನ್ನೂ ಅಖಂಡ. ಹಾಗೆ ಕೇಳುತ್ತಿರುವವನೇ ಆ ಅಪ್ಪ ಎಂಬ ತೊಡಕನ್ನು ಭಾಷ್ಯಕಾರರು ಯಾರೂ ಬಿಡಿಸಿಲ್ಲ.)

ಸಿದ್ಧಾಂತಿಯ ಉತ್ತರ: 9 ವಾಟಿನ ಎಲ್‌ಇಡಿ ಬಲ್ಬು ಹತ್ತು ಗಂಟೆ ಉರಿದು ತಿನ್ನುವಷ್ಟನ್ನು 2000 ವಾಟಿನ ಗೀಸರ್ ಮೂರು ನಿಮಿಷದೊಳಗೆ ನುಂಗುತ್ತದೆ. ಅರ್ಧ ಗಂಟೆ ಕಾದರೆ ಒಂದು ಯೂನಿಟ್ ಸ್ವಾಹಾ. ಆದರೂ ಬಚ್ಚಲ ಗೋಡೆಯ ಮೇಲೆ ಋಷಿಯ ಹಾಗೆ ಸುಮ್ಮನೆ ಕೂತಿರುವ ಅದನ್ನು ಬೈದವರಿಲ್ಲ. ಬೈಗುಳವೆಲ್ಲ ಬಲ್ಬಿಗೆ. ಹಳೆಯ 75 ವಾಟಿನ ಫ್ಯಾನ್ ತೆಗೆದು 30 ವಾಟಿನ ಬಿಎಲ್‌ಡಿಸಿ ಹಾಕಿಸಿ ಎನ್ನುವ ನವ್ಯಮತವೊಂದಿದೆ; ಫ್ಯಾನಿನ ಬೆಲೆ ಕೇಳಿದೊಡನೆ ಯಜಮಾನರು ಸನಾತನಿಗಳಾಗುತ್ತಾರೆ.

2023ರಲ್ಲಿ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಬಂದು ಶಾಸ್ತ್ರಕ್ಕೆ ಕರ್ಮಸಿದ್ಧಾಂತ ಸೇರಿತು. 2022-23 ಎಂಬುದು ಪೂರ್ವಜನ್ಮ. ಆ ಜನ್ಮದ ತಿಂಗಳ ಸರಾಸರಿ ಬಳಕೆಯೇ ಸಂಚಿತ. ಅದರ ಮೇಲೆ ಶೇ. 10 ಅನುಗ್ರಹ. ಪೂರ್ವಜನ್ಮವೇ ಇಲ್ಲದ ಹೊಸ ಮನೆಗಳಿಗೆ ರಾಜ್ಯದ ಸರಾಸರಿಯಾದ 53 ಯೂನಿಟ್ಟನ್ನು ದತ್ತು ಕೊಡಲಾಯಿತು. ಉಳಿದ ದರ್ಶನಗಳಲ್ಲಿ ಸಂಯಮಿಗೆ ಪುಣ್ಯ, ಇಲ್ಲಿ ಭೋಗಿಗೆ! ಅಂದು ಒಂದೇ ಬಲ್ಬಿನಲ್ಲಿ ಸಂಸಾರ ತೂಗಿಸಿದವರ ಪಾಲು ಇಂದು ಬೊಗಸೆಯಷ್ಟು. ಮಧ್ಯಾಹ್ನಕ್ಕೂ ಗೀಸರ್ ಹಾಕಿದವರದು ಹಂಡೆಯಷ್ಟು. 2024ರಲ್ಲಿ, 48 ಯೂನಿಟ್‌ಗಿಂತ ಕಡಿಮೆ ಬಳಸುವವರಿಗೆ ಶೇ. 10ರ ಬದಲು 10 ಯೂನಿಟ್ ಕೊಟ್ಟು ಸರ್ಕಾರವೇ ಈ ದೋಷಕ್ಕೆ ಸಣ್ಣದೊಂದು ಶಾಂತಿ ಮಾಡಿಸಿತು.

ತನ್ನ ಪಾಲು ಮೀರಿದವನು ಮೀರಿದಷ್ಟಕ್ಕೆ ದಕ್ಷಿಣೆ ಇಟ್ಟರೆ ಸಾಕು. ಆದರೆ 200 ದಾಟಿದರೆ ಮೊದಲನೇ ಯೂನಿಟ್‌ನಿಂದಲೇ ಲೆಕ್ಕ. ಆದಕಾರಣ 201ನೆಯ ಯೂನಿಟ್ಟಿನಷ್ಟು ದುಬಾರಿ ಪದಾರ್ಥ ಗೃಹಸ್ಥಾಶ್ರಮದಲ್ಲಿ ಬೇರೊಂದಿಲ್ಲ.

ಇಲ್ಲಿ ಒಂದು ಧರ್ಮಸಂಕಟ. ಮೀಟರು 198 ತೋರಿಸುತ್ತಿದೆ, ರೀಡಿಂಗಿಗೆ ಎರಡು ದಿನವಿದೆ, ಮಗಳು ಅಳಿಯ ಬಂದಿದ್ದಾರೆ. ಅಳಿಯಂದಿರಿಗೆ ಹಬೆಯಾಡುವ ನೀರು, ಮಗನಿಗೆ ತಣ್ಣೀರು ಸ್ನಾನದಿಂದಾಗುವ ಆರೋಗ್ಯಲಾಭಗಳ ಮೇಲೆ ಉಪನ್ಯಾಸ: ಇದು ಶಿಷ್ಟಾಚಾರ. ಮಗಳು ಜೊತೆಗೆ ಹೇರ್ ಡ್ರೈಯರನ್ನೂ ತಂದಿದ್ದರೆ, ಮೇನ್ ಸ್ವಿಚ್ ಆರಿಸಿ "ಬೀದಿಗೆಲ್ಲ ಕರೆಂಟ್ ಹೋಗಿದೆಯಮ್ಮ" ಎನ್ನಲು ಅನುಮತಿ ಇದೆ. ಎದುರು ಮನೆಯ ಟೀವಿ ಕೇಳಿಸದಂತೆ ಕಿಟಕಿ ಹಾಕಿಕೊಂಡಿರಬೇಕು ಅಷ್ಟೆ.