ಎರಡು ಗ್ರಾಂ

ರೆಕಾರ್ಡ್ ಪ್ಲೇಯರ್ ಬಂದ ದಿನವೇ ನಮ್ಮ ಮನೆ ಸೊಟ್ಟಗಿದೆ ಎಂದು ಗೊತ್ತಾದದ್ದು.

ಹದಿನೆಂಟು ವರ್ಷ ಅದೇ ಹಾಲಿನಲ್ಲಿ ಕೂತು ಕಾಫಿ ಕುಡಿದಿದ್ದೇವೆ, ಕಾಲು ಚಾಚಿ ಮಲಗಿದ್ದೇವೆ, ಕೇರಂ ಆಡಿ ಮಾತು ಬಿಟ್ಟಿದ್ದೇವೆ. ಒಬ್ಬರಿಗೂ ಅನುಮಾನ ಬಂದಿರಲಿಲ್ಲ. ಪೆಟ್ಟಿಗೆಯೊಳಗಿದ್ದ ಪುಸ್ತಿಕೆ ಮಾತ್ರ ಮೊದಲ ಪುಟದಲ್ಲೇ ಷರತ್ತು ಹಾಕಿತ್ತು: ಯಂತ್ರ ಸಮತಟ್ಟಾಗಿ ಕೂರಬೇಕು, ಅಲುಗಬಾರದು. ಮೂಲೆಯಲ್ಲಿ ಮನೆ ಕಟ್ಟಿಸುತ್ತಿದ್ದವರ ಮೇಸ್ತ್ರಿಯನ್ನು ಕಾಡಿ ರಸಮಟ್ಟ ತಂದೆ. ಟಿ.ವಿ. ಸ್ಟ್ಯಾಂಡಿನ ಮೇಲಿಟ್ಟರೆ ಗುಳ್ಳೆ ಒಂದು ಕ್ಷಣವೂ ಯೋಚಿಸದೆ ದೇವರಮನೆ ಕಡೆ ಓಡಿತು. ರಸಮಟ್ಟ ಎಲ್ಲಿ ಕಳೆದುಹೋಗುತ್ತದೋ ಎಂದು ಹಿಂದೆಯೇ ಬಂದಿದ್ದ ಮೇಸ್ತ್ರಿ ನೋಡಿ, "ನೀರು ನಿಲ್ಲಬಾರದು ಅಂತ ಬಾಲ್ಕನಿಗೆ ಇಳಿಜಾರು ಬಿಟ್ಟವ್ರೆ ಸಾರ್. ಒಳ್ಳೆ ಕೆಲಸಗಾರ" ಎಂದು ಹೆಸರೂ ಗೊತ್ತಿಲ್ಲದ ಸಹೋದ್ಯೋಗಿಯನ್ನು ಮೆಚ್ಚಿಕೊಂಡ. ಕೊನೆಗೆ ಬಾಲ್ಕನಿ ಕಡೆಯ ಕಾಲುಗಳ ಕೆಳಗೆ ಒಂದು ಲಗ್ನಪತ್ರಿಕೆಯನ್ನು ಹರಿದು ಮಡಿಚಿಟ್ಟೆ. ಗುಳ್ಳೆ ನಡುವೆ ಬಂದು ನಿಂತಿತು. ಪತ್ರಿಕೆ ಯಾರದೆಂದು ಹೆಂಡತಿ ಬಗ್ಗಿ ನೋಡಿದಳು. ಅವಳ ಚಿಕ್ಕಪ್ಪನ ಮಗಳದು. ಮದುವೆ ಮುಂದಿನ ವಾರ ಇತ್ತು.

ಇದೆಲ್ಲ ಶುರುವಾದದ್ದು ತಾತನ ಟ್ರಂಕಿನಿಂದ. ಮೈಸೂರಿನ ಮನೆ ಖಾಲಿ ಮಾಡುವಾಗ ನನ್ನ ಪಾಲಿಗೆ ನಲವತ್ತೊಂದು ಗ್ರಾಮಫೋನ್ ಪ್ಲೇಟುಗಳು ಬಂದವು. ಗ್ರಾಮಫೋನ್ ಬರಲಿಲ್ಲ, ಸ್ಪ್ರಿಂಗ್ ತುಂಡಾದ ಮೇಲೆ ಅದು ಗುಜರಿಗೆ ಹೋಗಿ, ಅದರ ಕಹಳೆ ಕೆಲಕಾಲ ಹಿತ್ತಿಲಲ್ಲಿ ಕೋಳಿಯ ಮನೆಯಾಗಿತ್ತಂತೆ. ಪ್ಲೇಟುಗಳು ಮಾತ್ರ ಹಳೆ ಪಂಚೆಯಲ್ಲಿ ಸುತ್ತಿಸಿಕೊಂಡು ಬದುಕಿದ್ದವು. ಕಾಳಿಂಗರಾಯರಿದ್ದರು, ಚೌಡಯ್ಯನವರ ಪಿಟೀಲಿತ್ತು, ಲೇಬಲ್ ಅಳಿಸಿಹೋದ ಯಾವುದೋ ನಾಟಕವೂ ಇತ್ತು. ಇವನ್ನು ಒಮ್ಮೆ ಕೇಳಿಬಿಡಬೇಕು ಎಂದು ಹಟ ಹಿಡಿಯಿತು. "ಅದೇ ಹಾಡು ಯೂಟ್ಯೂಬಲ್ಲಿದೆ" ಎಂದಳು ಹೆಂಡತಿ. ಅದರಲ್ಲಿ ತಾತನ ಪಂಚೆಯ ವಾಸನೆ ಬರುವುದಿಲ್ಲ ಎಂದೆ. ಆ ವಾಸನೆಗೆ ಇಷ್ಟು ದುಡ್ಡೇ ಎಂದಳು. ಅದಕ್ಕೆ ಉತ್ತರ ಈಗಲೂ ಹುಡುಕುತ್ತಿದ್ದೇನೆ.

ಜೋಡಣೆ ಸುಲಭ ಎಂದು ಪುಸ್ತಿಕೆ ಹೇಳಿತ್ತು. ತಟ್ಟೆ ಕೂರಿಸಿದೆ. ಮೋಟಾರಿಗೂ ತಟ್ಟೆಗೂ ಸುತ್ತುವ ರಬ್ಬರ್ ಬೆಲ್ಟು ಪೈಜಾಮದ ಎಲಾಸ್ಟಿಕ್ಕಿನಂತೆ ಎರಡು ಸಲ ನನ್ನ ಮುಖಕ್ಕೇ ಹಾರಿ ಮೂರನೆಯ ಸಲ ಕೂತಿತು. ಆಮೇಲೆ ತೋಳು. ಅದರ ಒಂದು ತುದಿಯಲ್ಲಿ ಮೊನೆ, ಇನ್ನೊಂದು ತುದಿಯಲ್ಲಿ ತಿರುಗಿಸುವ ಭಾರ. ಈ ಭಾರವನ್ನು ಹಿಂದೆ ಮುಂದೆ ಮಾಡಿ, ಮೊನೆ ರೆಕಾರ್ಡನ್ನು ಸರಿಯಾಗಿ ಎರಡು ಗ್ರಾಂ ಒತ್ತುವಂತೆ ನೋಡಿಕೊಳ್ಳಬೇಕು. ಹೆಚ್ಚಾದರೆ ಗೆರೆ ಸವೆಯುತ್ತದೆ, ಕಡಿಮೆಯಾದರೆ ಮೊನೆ ಗೆರೆ ಬಿಟ್ಟು ಜಿಗಿಯುತ್ತದೆ. ನಮ್ಮ ಸೋದರಮಾವ ಜಿಗಿಯುವ ತೋಳಿನ ಮೇಲೆ ನಾಲ್ಕಾಣೆ ಪಾವಲಿ ಇಟ್ಟು ಬೀಡಿ ಹಚ್ಚುತ್ತಿದ್ದ. ನನ್ನ ಕಾಲಕ್ಕೆ ಸಂಗೀತಕ್ಕೂ ವೈದ್ಯರ ಚೀಟಿ ಬಂದಿದೆ.

ಎರಡು ಗ್ರಾಂ ತೂಗುವುದು ಹೇಗೆ? ಅಡುಗೆಮನೆ ತಕ್ಕಡಿಗೆ ಎರಡು ಗ್ರಾಂ ಎಂದರೆ ಸೊನ್ನೆ. ನಮ್ಮ ಬೀದಿ ತಿರುವಿನಲ್ಲಿ ಅಕ್ಕಸಾಲಿಗರೊಬ್ಬರ ಅಂಗಡಿಯಿದೆ.

"ಎರಡು ಗ್ರಾಂ ತೂಗೋದಿತ್ತು."

"ಮೂಗುಬೊಟ್ಟಾ ಸಾರ್?"

"ಅಲ್ಲ, ಹಾಡು."

ಅವರು ನನ್ನನ್ನು ಒಂದು ಸಲ ನೋಡಿದರು, ತಕ್ಕಡಿಯನ್ನು ಒಂದು ಸಲ ನೋಡಿದರು. ತಕ್ಕಡಿ ಕಡ ಕೊಡುವುದಿಲ್ಲ, ಬೇಕಾದರೆ ನಾನೇ ಬರುತ್ತೇನೆ ಎಂದರು. ಬಂದರು. ಬೆಂಕಿಪೊಟ್ಟಣದಷ್ಟಿದ್ದ ತಕ್ಕಡಿಯನ್ನು ತಟ್ಟೆಯ ಮೇಲಿಟ್ಟು ಮೊನೆಯನ್ನು ಅದರ ಮೇಲೆ ಇಳಿಸಿದೆವು. 3.4. ಭಾರ ತಿರುಗಿಸಿದೆ. 2.6. "ಇನ್ನೈದು ಗುಲಗಂಜಿ ತೆಗೀರಿ" ಎಂದರು. ಎರಡು ಗ್ರಾಂ ಅಂದರೆ ಹತ್ತಿರ ಹತ್ತಿರ ಹದಿನಾರು ಗುಲಗಂಜಿ ಎಂದು ಆವತ್ತು ಕಲಿತೆ. 2.0 ಎಂದು ಅಂಕಿ ನಿಂತಾಗ ಇಬ್ಬರೂ ಕೈಕುಲುಕಿದೆವು. ಅಲ್ಲಿಗೆ ಅವರು ಹೊರಟಿದ್ದರೆ ಚೆನ್ನಾಗಿತ್ತು. ಹೋಗುವ ಮುಂಚೆ ಅಭ್ಯಾಸಬಲದಿಂದ ಜೇಬಿನ ಭೂತಗನ್ನಡಿ ತೆಗೆದು ಕಣ್ಣಿಗೆ ಸಿಕ್ಕಿಸಿಕೊಂಡು, ಮೊನೆಯ ಹತ್ತಿರ ಬಗ್ಗಿ, ಕಾಫಿ ತಂದ ಹೆಂಡತಿಗೆ ಕೇಳಿಸುವಂತೆ, "ಇದು ವಜ್ರ ಅಲ್ವಾ ಸಾರ್!" ಎಂದುಬಿಟ್ಟರು.

ವಜ್ರವೇ. ಪುಸ್ತಿಕೆಯಲ್ಲೂ ಹಾಗೇ ಇದೆ. ಕಾರ್ಖಾನೆಯಲ್ಲಿ ಮಾಡಿದ್ದು, ಕಣ್ಣಿಗೆ ಕಾಣದಷ್ಟು ಚಿಕ್ಕದು, ನೂರಾರು ಗಂಟೆ ಗೆರೆಯಲ್ಲಿ ಉಜ್ಜಿಸಿಕೊಂಡೂ ಸವೆಯದಿರಲಿ ಎಂದು ಇಟ್ಟದ್ದು ಎಂದೆಲ್ಲ ನಾನು ವಿವರಿಸಿದೆ. ಲೋಟ ಕೆಳಗಿಟ್ಟ ಸದ್ದಿನಲ್ಲೇ ಗೊತ್ತಾಯಿತು, ವಿವರಣೆ ಮುಟ್ಟಿಲ್ಲ.

"ಇಪ್ಪತ್ತೈದನೇ ವರ್ಷಕ್ಕೆ ಒಂದು ಮೂಗುಬೊಟ್ಟು ಅಂದಾಗ, ವಜ್ರ ಎಲ್ಲರಿಗೂ ಆಗಿಬರಲ್ಲ ಅಂದಿರಲ್ಲ?"

"ಅಂದಿದ್ದೆ."

"ಇದಕ್ಕೆ ಆಗಿಬಂತಾ?"

ಅಕ್ಕಸಾಲಿಗರು ಕಾಫಿ ಅರ್ಧಕ್ಕೇ ಬಿಟ್ಟು ತಕ್ಕಡಿಯೊಂದಿಗೆ ಮಾಯವಾದರು.

ತಂತಿಗಳ ಕಥೆಯನ್ನು ಬೇಗ ಮುಗಿಸುತ್ತೇನೆ, ಅದು ನನ್ನ ಘನತೆಗೆ ತಕ್ಕದ್ದಲ್ಲ. ಹಳೆಯ ಆಂಪ್ಲಿಫೈಯರಿಗೆ ನೇರ ಸಿಕ್ಕಿಸಿದರೆ, ಸೊಳ್ಳೆ ದಿಂಬಿನ ಕೆಳಗೆ ಹಾಡಿದಷ್ಟೇ ಕೇಳುತ್ತದೆ. ಮೊನೆಯಿಂದ ಹೊರಡುವ ವಿದ್ಯುತ್ತು ಐದಾರು ಮಿಲಿವೋಲ್ಟ್ ಅಷ್ಟೆ. ಸಾಲದ್ದಕ್ಕೆ, ತಗ್ಗುಸ್ವರಗಳು ಗೆರೆಯನ್ನು ಬಹಳ ಅಗಲ ಅಲ್ಲಾಡಿಸಿ ಜಾಗ ತಿನ್ನುತ್ತವೆಂದು ಅವನ್ನು ಕೊರೆಯುವಾಗಲೇ ಕುಗ್ಗಿಸಿರುತ್ತಾರೆ. ಕೇಳುವಾಗ ಅಷ್ಟನ್ನೇ ಹಿಗ್ಗಿಸಿಕೊಡುವ ಇನ್ನೊಂದು ಡಬ್ಬಿ ಬೇಕು. ಎಸ್.ಪಿ. ರಸ್ತೆಗೆ ಹೋಗಿ ತಂದೆ. ಆಗ ಸೊಳ್ಳೆ ಹೋಗಿ ಗುಂಯ್ ಎಂಬ ದುಂಬಿ ಬಂತು. ಗಟ್ಟಿ ಶ್ರುತಿ. ಅದರ ಮೇಲೆ ಯಾರಾದರೂ ಆಲಾಪ ಶುರುಮಾಡಬಹುದಿತ್ತು. ಪ್ಲೇಯರಿನ ಹಿಂದೆ ಅನಾಥವಾಗಿ ಜೋಲುತ್ತಿದ್ದ ತೆಳು ತಂತಿಯೊಂದನ್ನು ನಾನು ಪ್ಯಾಕಿಂಗಿನದೆಂದು ತಿಳಿದಿದ್ದೆ. ಅದು ಅರ್ಥಿಂಗು. ಸಿಕ್ಕಿಸಿದೆ, ದುಂಬಿ ಸತ್ತಿತು.

ಈಗ ಮುಹೂರ್ತ. ಕೈ ತೊಳೆದು, ಪಂಚೆ ಬಿಚ್ಚಿ (ತಾತನದು), ಕಾಳಿಂಗರಾಯರನ್ನು ಅಂಚಿನಲ್ಲಿ ಹಿಡಿದು ಕೂರಿಸಿದೆ. ತೋಳು ಇಳಿಯಿತು. ಸ್ಪೀಕರಿನಿಂದ ಕುಂಭಕರ್ಣ ಆಕಳಿಸಿದ.

ರಾಯರ ಜೊತೆ ಹಾಡಿದ ಮೋಹನಕುಮಾರಿ, ಸೋಹನಕುಮಾರಿಯರ ಭಾಗ ಬಂದಾಗ ಅವರೂ ಗಂಡಸರೇ ಆಗಿದ್ದರು, ಮೀಸೆ ಬಂದ ಗಂಡಸರು. ಆಗ ಪುಸ್ತಿಕೆಯನ್ನು ಓದಿದೆ. ಕೊಳ್ಳುವ ಮುಂಚೆ ಓದಬೇಕಾದ ಪುಟ ಕೊನೆಯಲ್ಲಿತ್ತು. ತಾತನ ಪ್ಲೇಟುಗಳು ನಿಮಿಷಕ್ಕೆ 78 ಸುತ್ತಿನವು; ನನ್ನ ಯಂತ್ರ 33⅓ ಮತ್ತು 45 ಬಿಟ್ಟು ತಿರುಗಲಾರದು. ತಿರುಗಿದರೂ ಪ್ರಯೋಜನವಿಲ್ಲ. 1948ರಲ್ಲಿ ಬಂದ ಲಾಂಗ್ ಪ್ಲೇ ರೆಕಾರ್ಡಿನ ಗೆರೆ ಕೂದಲಿನಷ್ಟು ಸಪೂರ, ಅದಕ್ಕೆ ತಕ್ಕ ಮೊನೆ. ಹಳೆಯ ಪ್ಲೇಟಿನ ಗೆರೆಗೆ ಬೇಕಾದ ಮೊನೆ ಅದರ ನಾಲ್ಕು ಪಟ್ಟು ದಪ್ಪ. ನನ್ನ ವಜ್ರ ಅದರಲ್ಲಿ ರಾಜಕಾಲುವೆಗೆ ಬಿದ್ದ ಗೋಲಿಯಂತೆ ತಳದ ಕಸದಲ್ಲಿ ಹೊರಳುತ್ತಿತ್ತು. ಆ ಪ್ಲೇಟುಗಳ ವಸ್ತುವೇ ಬೇರೆ: ಅರಗು. ಬಳೆಯ ಅರಗು, ದುರ್ಯೋಧನ ಪಾಂಡವರಿಗೆ ಮನೆ ಕಟ್ಟಿಸಿದ ಅರಗು, ಅದಕ್ಕೆ ಕಲ್ಲಿನ ಪುಡಿ ಬೆರೆಸಿದ್ದು. ತಾತನ ಗ್ರಾಮಫೋನು ಅದರ ಮೇಲೆ ಉಕ್ಕಿನ ಮುಳ್ಳನ್ನು ನೂರು ಗ್ರಾಂಗೂ ಮಿಕ್ಕಿ ಒತ್ತುತ್ತಿತ್ತು. ಮುಳ್ಳು ಒಂದು ಮಗ್ಗುಲಿಗೇ ಸವೆದು ಹೋಗುತ್ತಿತ್ತು, ಬಿಸಾಡಿ ಹೊಸದು ಹಾಕುತ್ತಿದ್ದರು. ನಾನು ಗುಲಗಂಜಿ ಎಣಿಸುತ್ತ ಕೂತಿದ್ದೆ.

"ಹಾಗಾದರೆ ಇದರಲ್ಲಿ ಏನು ಕೇಳಬಹುದು?" ಎಂದಳು ಹೆಂಡತಿ. ಮನೆಯಲ್ಲಿ ಒಂದೇ ಒಂದು ಎಲ್.ಪಿ. ಇರಲಿಲ್ಲ.

ಭಾನುವಾರ ಬೆಳಿಗ್ಗೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿಗೆ ಹೋದೆ. ಮುಚ್ಚಿದ ಅಂಗಡಿಗಳ ಮುಂದೆ ಹಳೆ ಬೂಟು, ನಿಂತ ಗಡಿಯಾರ, ಯಾರದೋ ಹಲ್ಲಿನ ಸೆಟ್ಟು. ನಡುವೆ ರೆಕಾರ್ಡಿನ ರಾಶಿ. 'ಸನಾದಿ ಅಪ್ಪಣ್ಣ' ಸಿಕ್ಕಿತು! 1977ರ ಚಿತ್ರ. ತೆರೆಯ ಮೇಲೆ ಶಹನಾಯಿ ಹಿಡಿದವರು ರಾಜಕುಮಾರ್, ಉಸಿರು ಬಿಸ್ಮಿಲ್ಲಾ ಖಾನರದು. ಆರುನೂರು ಹೇಳಿದ್ದನ್ನು ನಾನೂರೈವತ್ತಕ್ಕೆ ಇಳಿಸಿ, ಗೆದ್ದವನ ನಡಿಗೆಯಲ್ಲಿ ಬಂದೆ. ದಾರಿಯಲ್ಲಿ ಅಕ್ಕಸಾಲಿಗರನ್ನೂ ಕರೆದುಕೊಂಡೆ. ಹೆಂಡತಿಯ ಎದುರು ಒಬ್ಬನೇ ಕೂರುವ ಧೈರ್ಯವಿರಲಿಲ್ಲ.

ಮಹಡಿಯವರಿಗೆ ಅರ್ಧ ಗಂಟೆ ಗ್ರೈಂಡರ್ ಹಾಕಬೇಡಿ ಎಂದು ಹೇಳಿಬಂದೆ. ಹಾಲಿನಲ್ಲಿ ಯಾರೂ ನಡೆಯಕೂಡದು ಎಂದು ಕಟ್ಟಪ್ಪಣೆಯಾಯಿತು. ಮೊನೆ ಇಳಿಯಿತು. ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ ಚಟಪಟ. ಶಹನಾಯಿಗೆ ಮುಂಚಿನ ಮೌನ. ಆಮೇಲೆ ಗಂಭೀರ ಗಂಡುದನಿಯೊಂದು, "ಗುಟೆನ್ ಟಾಗ್" ಎಂದಿತು.

"ಅಣ್ಣಾವ್ರು ಈ ಪಿಚ್ಚರಲ್ಲಿ ಇಂಗ್ಲಿಷ್ ಮಾತಾಡ್ತಾರಾ?" ಎಂದರು ಅಕ್ಕಸಾಲಿಗರು.

ಲಕೋಟೆ ಅಪ್ಪಣ್ಣನದು, ಒಳಗಿದ್ದದ್ದು ಜರ್ಮನ್ ಭಾಷೆ ಕಲಿಸುವ ರೆಕಾರ್ಡು. ಎತ್ತಿಬಿಡೋಣವೆಂದು ಕೈ ಚಾಚಿದೆ. ಅಷ್ಟರಲ್ಲಿ ಆತ "ವೀ ಹೈಸೆನ್ ಝೀ?" ಎಂದು ಕೇಳಿ ಉತ್ತರಕ್ಕಾಗಿ ಕಾದ. ನಿಮ್ಮ ಹೆಸರೇನು ಅಂತ ಕೇಳುತ್ತಿದ್ದಾನೆ ಎಂದೆ. ಆ ಬಿಡುವಿನಲ್ಲಿ ಅಕ್ಕಸಾಲಿಗರು ಟಕ್ಕನೆ ತಮ್ಮ ಹೆಸರು, ಅಂಗಡಿಯ ಹೆಸರು ಎರಡನ್ನೂ ಹೇಳಿಬಿಟ್ಟರು.

ಅವರು ಮೊದಲಿಗರೇನಲ್ಲ. 1902ರಲ್ಲಿ ಕಲ್ಕತ್ತಾದಲ್ಲಿ ಗೌಹರ್ ಜಾನ್ ಹಾಡಿದಾಗ, ಆ ಮುದ್ರಣ ರೆಕಾರ್ಡಾಗಲು ಜರ್ಮನಿಯ ಹ್ಯಾನೋವರಿಗೆ ಹೋಗಬೇಕಿತ್ತು. ಅಲ್ಲಿನ ಕೆಲಸಗಾರರಿಗೆ ಯಾರ ಹಾಡೆಂದು ತಿಳಿಯಲಿ ಎಂದು ಹಾಡಿನ ಕೊನೆಯಲ್ಲಿ ಆಕೆ ಗಟ್ಟಿಯಾಗಿ ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಳಿದಳು. ಕೊನೆಗಾಲಕ್ಕೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಅಲ್ಲೇ ತೀರಿಕೊಂಡಳು. ನಾನು ಹುಡುಗನಾಗಿದ್ದಾಗ ಆಕೆಯನ್ನು ಕಂಡಿದ್ದೆ ಎನ್ನುತ್ತಿದ್ದರು ತಾತ. ಅವರು ಹಾಗೆ ಕಂಡವರ ಪಟ್ಟಿಯಲ್ಲಿ ಗಾಂಧೀಜಿ, ಚಿರತೆ, ಒಂದು ಬ್ರಹ್ಮರಾಕ್ಷಸ ಇದ್ದವು.

ರೆಕಾರ್ಡನ್ನು ಯಾರೂ ಎತ್ತಲಿಲ್ಲ. ಎತ್ತಲು ಎದ್ದು ನಡೆಯಬೇಕು, ನಡೆಯಕೂಡದೆಂದು ನಾನೇ ಅಂದಿದ್ದೆ. ಆತ ಒಂದರಿಂದ ಹತ್ತರವರೆಗೆ ಎಣಿಸಿದ, ನಾವೂ ಎಣಿಸಿದೆವು. ಹೋಟೆಲಿಗೆ ಹೋದ, ಕಾಫಿ ಕೇಳಿದ. ಹೆಂಡತಿ ಅವನಿಗಿಂತ ಜೋರಾಗಿ ಕೇಳಿದಳು. ಯಾವುದೋ ಅಂಗಡಿಯ ಬಾಗಿಲಿಗೆ ಬಂದು ನಿಂತ ಹೊತ್ತಿಗೆ ಗೆರೆ ಮುಗಿದು, ಮೊನೆ ನಡುವಿನ ಲೇಬಲ್ಲಿನ ಹತ್ತಿರ ಟಿಕ್ ಟಿಕ್ ಎಂದು ಸುತ್ತತೊಡಗಿತು.

"ತಿರುಗಿಸಿ ಹಾಕಿ" ಎಂದಳು ಹೆಂಡತಿ. "ವಜ್ರಕ್ಕೆ ಏನಂತಾರೆ ಅನ್ನೋದು ಆ ಕಡೆ ಇರಬಹುದು."